ಮೂರು ಸರ್ವರ್, ಮೂರು ಅಭಿಪ್ರಾಯ: ವಿಎಂವೇರ್ ಬಿಡಬೇಕೇ, ಇಟ್ಟುಕೊಳ್ಳಬೇಕೇ?

ಪ್ರಶ್ನೆ: ನಮ್ಮದು 11 ಶಾಖೆಗಳಿರುವ ಪತ್ತಿನ ಸಹಕಾರ ಸಂಘ. ಹೆಡ್ ಆಫೀಸಿನಲ್ಲಿ ಮೂರು ಸರ್ವರ್, ಒಂದೊಂದರಲ್ಲೂ 10 ಕೋರ್‌ಗಳ ಎರಡೆರಡು ಪ್ರೊಸೆಸರ್, ಮೂರಕ್ಕೂ ಸೇರಿ ನೆಟ್‌ವರ್ಕ್ ಮೂಲಕ ಹಂಚಿಕೊಂಡ ಒಂದು ಐಸ್ಕಸಿ ಸ್ಟೋರೇಜ್. 2019ರಲ್ಲಿ ಕೊಂಡ ವಿಎಂವೇರ್ ಎಸೆನ್ಷಿಯಲ್ಸ್ ಪ್ಲಸ್ ಶಾಶ್ವತ ಲೈಸೆನ್ಸ್ ಇದೆ. ಸಪೋರ್ಟ್ ಮುಗಿದು ವರ್ಷದ ಮೇಲಾಯಿತು. ಇಎಸ್‌ಎಕ್ಸ್‌ಐ 7ರ ಮೇಲೆ 14 ವಿಎಂ ಓಡುತ್ತಿವೆ. 9 ವಿಂಡೋಸ್, 5 ಲಿನಕ್ಸ್. ವಿಂಡೋಸ್‌ನಲ್ಲಿ ಒಂದು ಇನ್ನೂ 2012 ಆರ್2. ಹೊಸ ಕೋಟೇಷನ್ ನೋಡಿ ಎಂಡಿ ಸಾಹೇಬರು ಫೈಲನ್ನೇ ಮುಚ್ಚಿಟ್ಟರು. ನನ್ನ ಸೀನಿಯರ್ ‘ಶಾಶ್ವತ ಅಂದರೆ ಶಾಶ್ವತ, ಹೀಗೇ ಓಡಿಸೋಣ’ ಅನ್ನುತ್ತಾರೆ. ಹಾರ್ಡ್‌ವೇರ್ ವೆಂಡರ್ ‘ಹೈಪರ್-ವಿ ಫ್ರೀ, ಅದಕ್ಕೆ ಹೋಗಿ’ ಅನ್ನುತ್ತಾರೆ. ನನಗೆ ಪ್ರಾಕ್ಸ್‌ಮಾಕ್ಸ್ ಹಿಡಿಸಿದೆ, ಮನೆಯಲ್ಲಿ ಹಳೆಯ ಪಿಸಿ ಮೇಲೆ ಓಡಿಸಿ ನೋಡಿದ್ದೇನೆ. ಯಾರದು ಸರಿ ಸರ್? ಸೆಕ್ಯುರಿಟಿ ದೃಷ್ಟಿಯಿಂದ ಯಾವುದು ಒಳ್ಳೆಯದು?

ಉತ್ತರ: ಹೊಸಬರಿಗೆ ಮೊದಲು ಒಂದು ಮಾತು: ಒಂದು ಸರ್ವರ್ ಒಳಗೆ ಹಲವು ತೋರಿಕೆಯ ಕಂಪ್ಯೂಟರ್‌ಗಳನ್ನು (ವಿಎಂ) ಓಡಿಸುವ ಸಾಫ್ಟ್‌ವೇರ್‌ಗೆ ಹೈಪರ್‌ವೈಸರ್, ಅದನ್ನು ಹೊತ್ತ ಸರ್ವರ್‌ಗೆ ಹೋಸ್ಟ್ ಅನ್ನುತ್ತಾರೆ; ವಿಎಂವೇರ್‌ನ ಇಎಸ್‌ಎಕ್ಸ್‌ಐ, ಮೈಕ್ರೋಸಾಫ್ಟ್‌ನ ಹೈಪರ್-ವಿ, ಪ್ರಾಕ್ಸ್‌ಮಾಕ್ಸ್ ಮೂರೂ ಅಂಥವು. ನಿಮ್ಮ ಪತ್ರದಲ್ಲಿ ಬ್ರ್ಯಾಂಡ್ ಇದೆ, ಬೆಲೆಯ ಮಾತಿದೆ, ಕೋರ್ ಲೆಕ್ಕವೂ ಇದೆ. ಬ್ಯಾಕಪ್ ಅನ್ನುವ ಪದ ಮಾತ್ರ ಎಲ್ಲೂ ಇಲ್ಲ. ಇಎಸ್‌ಎಕ್ಸ್‌ಐಗೆ ಕೊನೆಯ ಪ್ಯಾಚ್ (ದೋಷ ಮುಚ್ಚುವ ತೇಪೆ) ಯಾವ ತಿಂಗಳು ಹಾಕಿದಿರಿ ಅನ್ನುವುದೂ ಇಲ್ಲ. ಮರೆತಿದ್ದಕ್ಕೆ ಬೈಯುತ್ತಿಲ್ಲ; ನನಗೆ ಬರುವ ಇಂಥ ಹತ್ತು ಪತ್ರಗಳಲ್ಲಿ ಒಂಬತ್ತು ಹೀಗೇ ಇರುತ್ತವೆ. ಲೈಸೆನ್ಸ್ ಅಂದರೆ ಅಕೌಂಟ್ಸ್ ವಿಭಾಗದ ತಲೆನೋವು, ಸೆಕ್ಯುರಿಟಿ ಅಂದರೆ ಫೈರ್‌ವಾಲ್‌ನವರ ಕೆಲಸ ಎಂದು ಬೇರೆ ಬೇರೆ ಗೂಟಕ್ಕೆ ಕಟ್ಟಿಬಿಟ್ಟಿದ್ದೇವೆ. ಲೈಸೆನ್ಸಿಗೆ ದುಡ್ಡು ಕಟ್ಟುವುದರಲ್ಲಿ ದೊಡ್ಡ ಪಾಲು ಪ್ಯಾಚ್ ಪಡೆಯುವ ಹಕ್ಕಿಗೆ. ಅದು ತಪ್ಪಿದ ದಿನದಿಂದ ನಿಮ್ಮ ಸೆಕ್ಯುರಿಟಿ ಹಿಂದಕ್ಕೆ ಓಡಲು ಶುರು.

ಮೊದಲು ನಿಮ್ಮ ಸೀನಿಯರ್ ವಾದ ತೆಗೆದುಕೊಳ್ಳೋಣ, ಯಾಕೆಂದರೆ ಕಾನೂನಿನ ಮಟ್ಟಿಗೆ ಅವರ ಮಾತು ತಪ್ಪಲ್ಲ. ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರ್ 22ರಂದು ವಿಎಂವೇರನ್ನು ತನ್ನದಾಗಿಸಿಕೊಂಡಿತು. ಮರು ತಿಂಗಳೇ ಶಾಶ್ವತ ಲೈಸೆನ್ಸ್ ಮಾರುವುದನ್ನೂ ಅದರ ಸಪೋರ್ಟ್ ನವೀಕರಿಸುವುದನ್ನೂ ನಿಲ್ಲಿಸಿತು. ಇನ್ನು ಮುಂದೆ ಎಲ್ಲವೂ ಸಬ್‌ಸ್ಕ್ರಿಪ್ಷನ್. ಆದರೆ ಈಗಾಗಲೇ ಕೊಂಡವರ ಬಳಕೆಯ ಹಕ್ಕನ್ನು ಅದು ಕಿತ್ತುಕೊಂಡಿಲ್ಲ. ನಿಮ್ಮಲ್ಲಿ ಯಾವ ಆವೃತ್ತಿ ಇದೆಯೋ ಅದನ್ನು ಓಡಿಸುತ್ತಲೇ ಇರಬಹುದು. ಸಪೋರ್ಟ್ ಮುಗಿದ ಮೇಲೆ ಬಂದ ಅಪ್‌ಡೇಟ್ ಮಾತ್ರ ಹಾಕುವಂತಿಲ್ಲ. ಹೀಗೆ ಸಪೋರ್ಟ್ ಮುಗಿದವರಿಗೆ 2025ರಲ್ಲಿ ಕಂಪನಿಯಿಂದ ಎಚ್ಚರಿಕೆ ಪತ್ರಗಳೂ ಹೋದವು. ಒಂದೇ ಒಂದು ಕಿಟಕಿ ತೆರೆದಿತ್ತು: ಅತಿ ಗಂಭೀರ ದೋಷಗಳ ಪ್ಯಾಚನ್ನು ಹಳೆಯ ಗ್ರಾಹಕರಿಗೂ ಉಚಿತವಾಗಿ ಕೊಡುತ್ತೇವೆ ಎಂದು 2024ರ ಏಪ್ರಿಲ್‌ನಲ್ಲಿ ಹೇಳಿದ್ದರು. ಆ ಮಾತು ಅನ್ವಯಿಸುವುದು ಇನ್ನೂ ಬೆಂಬಲದಲ್ಲಿರುವ ಆವೃತ್ತಿಗಳಿಗೆ. ನಿಮ್ಮ 7ನೇ ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. 8ಕ್ಕೆ ಏರೋಣ ಅಂದರೆ ಅದಕ್ಕೆ ಚಾಲ್ತಿಯಲ್ಲಿರುವ ಸಪೋರ್ಟ್ ಬೇಕು. ಅಂದರೆ ನಿಮ್ಮ ಶಾಶ್ವತ ಲೈಸೆನ್ಸ್ ನಿಮ್ಮನ್ನು ಶಾಶ್ವತವಾಗಿ 7ರಲ್ಲೇ ಕೂರಿಸಿದೆ.

‘ಬೇರೆ ಕಂಪನಿಯಲ್ಲಿರುವ ಸ್ನೇಹಿತನ ಲಾಗಿನ್‌ನಿಂದ ಪ್ಯಾಚ್ ಇಳಿಸಿಕೊಳ್ಳೋಣ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2025ರಿಂದ ಡೌನ್‌ಲೋಡ್ ಕೊಂಡಿಗಳಿಗೆ ಗ್ರಾಹಕರ ಟೋಕನ್ ಅಂಟಿಸಿದ್ದಾರೆ; ನಿಮ್ಮ ಸ್ನೇಹಿತನ ಕಂಪನಿಯ ಗುರುತು ನಿಮ್ಮ ಸರ್ವರ್‌ನಿಂದ ಹೊರಟಂತಾಗುತ್ತದೆ. ಟೆಲಿಗ್ರಾಮ್ ಗುಂಪಿನಲ್ಲಿ ಸಿಗುವ ವಿಂಡೋಸ್ ಆಕ್ಟಿವೇಟರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಕಲಿ ಸಾಫ್ಟ್‌ವೇರ್ ಎಂದು ಗೊತ್ತಿದ್ದೂ ಬಳಸಿದರೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಸೆರೆವಾಸದ ಮಾತು ಹಾಗಿರಲಿ. ಜನರ ಠೇವಣಿ ಲೆಕ್ಕ ಇರುವ ಯಂತ್ರದಲ್ಲಿ, ಯಾರು ಬರೆದದ್ದೆಂದು ಗೊತ್ತಿಲ್ಲದ ಒಂದು ಪ್ರೋಗ್ರಾಮನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು ಓಡಿಸುವುದೆಂದರೆ ತಿಜೋರಿ ಕೀಲಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವನ ಕೈಗೆ ಕೊಟ್ಟ ಹಾಗೆ.

ಪ್ಯಾಚ್ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಕಣ್ಣಾರೆ ನೋಡಿದ ಒಂದು ಭಾನುವಾರದ ಕಥೆ ಹೇಳುತ್ತೇನೆ. 2023ರ ಫೆಬ್ರವರಿ ಮೊದಲ ವಾರ. ಸಗಟು ವ್ಯಾಪಾರದ ಒಂದು ಕಚೇರಿ. ಬೆಳಗ್ಗೆ ಏಳಕ್ಕೆ ಫೋನ್, ‘ಸರ್, ಬಿಲ್ಲಿಂಗ್ ಬರ್ತಿಲ್ಲ.’ ಹೋಗಿ ಇಎಸ್‌ಎಕ್ಸ್‌ಐ ಪುಟ ತೆರೆದರೆ ಲಾಗಿನ್ ಕಾಣಬೇಕಾದ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ಒಂದು ಚೀಟಿ: ಮೂರು ದಿನದೊಳಗೆ ಎರಡು ಬಿಟ್‌ಕಾಯಿನ್ ಚಿಲ್ಲರೆ ಕಳಿಸಿ. ವಿಎಂಗಳ ಫೈಲುಗಳನ್ನು ಇಡುವ ಡೇಟಾಸ್ಟೋರ್ ಒಳಗೆ ಪ್ರತಿ ವಿಎಂ ಫೋಲ್ಡರ್‌ನಲ್ಲೂ ‘ಆರ್ಗ್ಸ್’ ಎಂಬ ಬಾಲದ ಫೈಲುಗಳು. ಆ ವಾರ ಜಗತ್ತಿನಾದ್ಯಂತ ಸಾವಿರಾರು ಸರ್ವರ್‌ಗಳನ್ನು ಹೊಡೆದ ಇಎಸ್‌ಎಕ್ಸ್‌ಐಆರ್ಗ್ಸ್ ರ್‍ಯಾನ್ಸಮ್‌ವೇರ್ ಅದು. ಅದು ಬಳಸಿಕೊಂಡ ದೋಷ ಸಿವಿಇ-2021-21974 ಎಂದು ಆಗಲೇ ಬೊಟ್ಟು ಮಾಡಿದ್ದರು. 427ನೇ ಪೋರ್ಟ್‌ನಲ್ಲಿ ಕೂತಿರುವ ಓಪನ್‌ಎಸ್‌ಎಲ್‌ಪಿ ಎಂಬ, ಆ ಕಚೇರಿಯಲ್ಲಿ ಯಾರೂ ಬಳಸದ ಒಂದು ಸೇವೆಯಲ್ಲಿದ್ದ ತೂತು. ಅದಕ್ಕೆ ಪ್ಯಾಚ್ ಬಂದಿದ್ದು 2021ರ ಫೆಬ್ರವರಿಯಲ್ಲಿ. ಎರಡು ವರ್ಷ ಮೊದಲು! ‘ಯಾಕೆ ಹಾಕಲಿಲ್ಲ?’ ಅಂದೆ. ಸಪೋರ್ಟ್ ನವೀಕರಿಸಿರಲಿಲ್ಲ, ಪೋರ್ಟಲ್ ಲಾಗಿನ್ ಕೆಲಸ ಬಿಟ್ಟು ಹೋದ ಹುಡುಗನ ಇಮೇಲ್‌ನಲ್ಲಿತ್ತು. ಇಂಟರ್ನೆಟ್‌ನಿಂದ ಅಲ್ಲಿಗೆ ದಾರಿ ಹೇಗಾಯಿತು ಅಂದರೆ, ಮನೆಯಿಂದ ನೋಡಿಕೊಳ್ಳಲು ಅನುಕೂಲ ಎಂದು ಎಎಂಸಿಯವನು (ವಾರ್ಷಿಕ ನಿರ್ವಹಣೆ ಗುತ್ತಿಗೆಯವನು) ರೂಟರ್‌ನಲ್ಲಿ, ಒಳಗಿನ ಯಂತ್ರವನ್ನು ಇಂಟರ್ನೆಟ್‌ಗೆ ತೆರೆದಿಡುವ ಡಿಎಂಝಡ್ ಎಂಬಲ್ಲಿ ಒಂದು ಟಿಕ್ ಹಾಕಿ ಹೋಗಿದ್ದ.

ಬ್ಯಾಕಪ್ ಇತ್ತು. ಎನ್‌ಎಎಸ್ (ನೆಟ್‌ವರ್ಕ್ ಸ್ಟೋರೇಜ್) ಪೆಟ್ಟಿಗೆಗೆ ದಿನಾ ರಾತ್ರಿ ಹೋಗುತ್ತಿತ್ತು. ಆ ಎನ್‌ಎಎಸ್ಸನ್ನು ಅದೇ ಇಎಸ್‌ಎಕ್ಸ್‌ಐಗೆ ಇನ್ನೊಂದು ಡೇಟಾಸ್ಟೋರ್ ಎಂದು ಜೋಡಿಸಿದ್ದರಿಂದ ಅದರೊಳಗಿನ ಫೈಲುಗಳಿಗೂ ಅದೇ ಬಾಲ. ಕೊನೆಗೆ ಅವರನ್ನು ಉಳಿಸಿದ್ದು ದಾಳಿಕೋರರ ಸೋಮಾರಿತನ: ಮೊದಲ ಅಲೆಯ ಆ ಪ್ರೋಗ್ರಾಮ್ ನಿಜವಾದ ಡೇಟಾ ಇರುವ ದೊಡ್ಡ ಫ್ಲ್ಯಾಟ್ ಡಿಸ್ಕ್ ಫೈಲುಗಳ ಬಹುಭಾಗವನ್ನು ಮುಟ್ಟುತ್ತಿರಲಿಲ್ಲ, ಅವುಗಳಿಗೆ ದಾರಿ ತೋರಿಸುವ ಪುಟ್ಟ ಫೈಲುಗಳನ್ನಷ್ಟೇ ಪೂರ್ತಿ ಕೆಡಿಸುತ್ತಿತ್ತು. ಡಿಸ್ಕ್ರಿಪ್ಟರ್ ಎಂಬ ಆ ಪುಟ್ಟ ಫೈಲುಗಳನ್ನು ಹೊಸದಾಗಿ ಬರೆದು, ಒಂದೊಂದೇ ಡಿಸ್ಕನ್ನು ಜೋಡಿಸಿ ಎಬ್ಬಿಸಲು ಎರಡೂವರೆ ದಿನ ಹಿಡಿಯಿತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದೇ ಕೆಲಸಕ್ಕೆ ಸ್ಕ್ರಿಪ್ಟ್ ಕೊಟ್ಟಿತು. ಅದು ಹೊರಬಂದ ಬೆನ್ನಲ್ಲೇ ದಾಳಿಕೋರರು ತಮ್ಮ ಪ್ರೋಗ್ರಾಮ್ ತಿದ್ದಿಕೊಂಡರು. ಆಮೇಲೆ ಸಿಕ್ಕಿಬಿದ್ದವರಿಗೆ ಈ ದಾರಿ ಇರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಗಾದೆಯನ್ನು ಅವತ್ತು ಅವರ ಮಾಲೀಕರೇ ಹೇಳಿದ್ದು, ನಾನಲ್ಲ.

ನಿಮ್ಮ 7ನೇ ಆವೃತ್ತಿಗೆ ಇನ್ನೂ ಹತ್ತಿರದ ಉದಾಹರಣೆ ಒಂದಿದೆ. ಇಎಸ್‌ಎಕ್ಸ್‌ಐಯನ್ನು ವಿಂಡೋಸ್ ಡೊಮೇನ್‌ಗೆ (ಕಚೇರಿಯ ಎಲ್ಲ ಲಾಗಿನ್‌ಗಳನ್ನು ಒಂದೆಡೆ ನಿಭಾಯಿಸುವ ವ್ಯವಸ್ಥೆಗೆ) ಸೇರಿಸಿದ್ದರೆ, ‘ಇಎಸ್‌ಎಕ್ಸ್ ಅಡ್ಮಿನ್ಸ್’ ಎಂಬ ಹೆಸರಿನ ಗುಂಪಿನಲ್ಲಿರುವ ಎಲ್ಲರಿಗೂ ಅದು ತಾನಾಗಿಯೇ ಪೂರ್ಣ ಅಧಿಕಾರ ಕೊಡುತ್ತದೆ. ಆ ಗುಂಪು ನಿಮ್ಮ ಡೊಮೇನ್‌ನಲ್ಲಿ ಇಲ್ಲದಿದ್ದರೆ? ದಾಳಿಕೋರರೇ ಹೊಸದಾಗಿ ಸೃಷ್ಟಿಸಿಕೊಂಡರೂ ಆಯಿತು, ಅದು ಹೆಸರನ್ನಷ್ಟೇ ನೋಡುತ್ತದೆ. ಹೀಗೆ ರ್‍ಯಾನ್ಸಮ್‌ವೇರ್ ಗುಂಪುಗಳು ಮಾಡುತ್ತಿವೆ ಎಂದು ಮೈಕ್ರೋಸಾಫ್ಟ್ 2024ರ ಜುಲೈನಲ್ಲಿ ಬಯಲು ಮಾಡಿತು. 8ಕ್ಕೆ ಪ್ಯಾಚ್ ಬಂತು. 7ಕ್ಕೆ ಪ್ಯಾಚ್ ಕೊಡುವ ಯೋಜನೆ ಇಲ್ಲ ಎಂದು ವಿಎಂವೇರ್ ಪ್ರಕಟಣೆಯಲ್ಲಿ ಬರೆದರು. ಸೆಟಿಂಗ್ ಬದಲಿಸಿಕೊಳ್ಳಿ ಅಂದರು. ಇವತ್ತು ಸಂಜೆ ಮನೆಗೆ ಹೋಗುವ ಮುಂಚೆ ನಿಮ್ಮ ಮೂರು ಹೋಸ್ಟ್‌ಗಳು ಡೊಮೇನ್‌ನಲ್ಲಿವೆಯೇ ನೋಡಿ. ಇದ್ದರೆ ಹೊರಗೆ ತೆಗೆಯಿರಿ. ಹಾಗೆಯೇ 2025ರ ಮಾರ್ಚ್ 4ರಂದು ಬಂದ ಪ್ಯಾಚ್ ನಿಮ್ಮಲ್ಲಿ ಇದೆಯೇ ಎಂದೂ ನೋಡಿ. ವಿಎಂ ಒಳಗೆ ಅಡ್ಮಿನ್ ಆದವನು ಗೋಡೆ ಹಾರಿ ಹೋಸ್ಟ್‌ಗೇ ಬರಬಹುದಾದ ಮೂರು ದೋಷಗಳ ಸರಣಿ ಅದು, ಪ್ಯಾಚ್ ಬರುವ ಮೊದಲೇ ದುರ್ಬಳಕೆಯಾಗುತ್ತಿತ್ತು. ಅದಕ್ಕೆ 7ರಲ್ಲೂ ಪ್ಯಾಚ್ ಇತ್ತು. ಬೆಂಬಲ ಮುಗಿದ ಮೇಲೆ ಬಯಲಾಗುವ ದೋಷಕ್ಕೆ ಇರುವುದಿಲ್ಲ.

ಹಾಗಾಗಿ ಸೀನಿಯರ್ ಅವರಿಗೆ ನನ್ನ ಉತ್ತರ: ಇನ್ನು ಆರು ತಿಂಗಳು ಓಡಿಸಬಹುದು, ಬೇರೆಡೆ ಹೋಗುವ ಸಿದ್ಧತೆ ನಡೆಯುತ್ತಿದ್ದರೆ ಮಾತ್ರ. ಆ ಆರು ತಿಂಗಳು ಹೋಸ್ಟ್‌ಗಳ ಮ್ಯಾನೇಜ್‌ಮೆಂಟ್ ಐಪಿಗಳು ಬೇರೆ ವಿಲ್ಯಾನ್‌ನಲ್ಲಿ (ನೆಟ್‌ವರ್ಕ್‌ನ ಬೇರ್ಪಡಿಸಿದ ಭಾಗದಲ್ಲಿ) ಇರಲಿ, ಅಲ್ಲಿಗೆ ಎರಡೇ ಎರಡು ಪಿಸಿಗಳಿಂದ ದಾರಿ ಇರಲಿ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ಮತ್ತು ಆ ಎಸ್‌ಎಲ್‌ಪಿ ಬಂದ್ ಆಗಿರಲಿ.

ಈಗ ಆ ಕೋಟೇಷನ್. ನಿಮ್ಮಲ್ಲಿ ನಿಜವಾಗಿ ಇರುವುದು 60 ಕೋರ್. ಆದರೆ ಬ್ರಾಡ್‌ಕಾಮ್ ಲೆಕ್ಕದಲ್ಲಿ ಒಂದು ಪ್ರೊಸೆಸರ್‌ಗೆ ಕನಿಷ್ಠ 16 ಕೋರ್. 10 ಇದ್ದರೂ 16 ಎಂದೇ ಹಿಡಿಯುತ್ತಾರೆ. ಆರು ಪ್ರೊಸೆಸರ್‌ಗೆ 96. ಅಂದರೆ ಇಲ್ಲದ 36 ಕೋರ್‌ಗಳಿಗೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ನಿಮ್ಮಂಥವರಿಗೆಂದೇ ಇದ್ದ ಎಸೆನ್ಷಿಯಲ್ಸ್ ಪ್ಲಸ್ ಕಿಟ್ಟನ್ನು 2024ರ ಕೊನೆಗೆ ಎತ್ತಿಬಿಟ್ಟರು. ಚೌಕಾಸಿ ಮಾಡುವಷ್ಟು ತೂಕ ನಿಮಗಿಲ್ಲ. ಸುಮಾರು 8,600 ಸರ್ವರ್‌ಗಳ ಮೇಲೆ 75 ಸಾವಿರ ವಿಎಂ ಓಡಿಸುವ ಎಟಿ ಅಂಡ್ ಟಿ ಕಂಪನಿಯೇ 2024ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿ ಕೊನೆಗೆ ರಾಜಿ ಮಾಡಿಕೊಂಡಿತು. ನೆದರ್‌ಲ್ಯಾಂಡ್ಸ್‌ನಲ್ಲಿ ರಸ್ತೆ, ಜಲಮಾರ್ಗ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯೊಂದು 2025ರಲ್ಲಿ ಕೇಸು ಗೆದ್ದಿತು, ಹೊರಗೆ ಹೋಗುವವರೆಗೆ ಗರಿಷ್ಠ ಎರಡು ವರ್ಷ ಬೆಂಬಲ ಕೊಡಬೇಕು ಎಂದು ಕೋರ್ಟ್ ಹೇಳಿತು. ಗೆದ್ದವರಿಗೂ ಸಿಕ್ಕಿದ್ದು ಹೊರಡಲು ಸಮಯ.

2025ರ ಏಪ್ರಿಲ್‌ನಲ್ಲಿ ಉಚಿತ ಇಎಸ್‌ಎಕ್ಸ್‌ಐ ಮರಳಿ ಬಂತಲ್ಲ ಎಂದು ಯಾರಾದರೂ ನೆನಪಿಸಿದರೆ ಮರುಳಾಗಬೇಡಿ. ಹೋಸ್ಟ್‌ಗಳನ್ನೆಲ್ಲ ಒಂದೆಡೆಯಿಂದ ನೋಡಿಕೊಳ್ಳುವ ವಿಸೆಂಟರ್‌ಗೆ ಅದನ್ನು ಸೇರಿಸಲು ಬರುವುದಿಲ್ಲ, ಬ್ಯಾಕಪ್ ಸಾಫ್ಟ್‌ವೇರ್‌ಗಳಿಗೆ ಬೇಕಾದ ಎಪಿಐ ಅದರಲ್ಲಿ ಇಲ್ಲ. ಕಲಿಯಲು ಚೆನ್ನ.

ವೆಂಡರ್ ಹೇಳಿದ ‘ಹೈಪರ್-ವಿ ಫ್ರೀ’ ಮಾತಿಗೆ ಬರೋಣ. ಪ್ರತ್ಯೇಕವಾಗಿ, ನಿಜವಾಗಿಯೂ ಪುಕ್ಕಟೆ ಸಿಗುತ್ತಿದ್ದ ಹೈಪರ್-ವಿ ಸರ್ವರ್ ಎಂಬುದು 2019ರ ಆವೃತ್ತಿಗೇ ಕೊನೆ. ಈಗಿರುವುದು ವಿಂಡೋಸ್ ಸರ್ವರ್ ಒಳಗಿನ ಒಂದು ಭಾಗ. ಹಾಗಿದ್ದೂ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನೀವು ಮೂವರೂ ಗಮನಿಸಿಲ್ಲ. ನೀವು ವಿಎಂವೇರ್‌ನಲ್ಲಿರಿ, ಪ್ರಾಕ್ಸ್‌ಮಾಕ್ಸ್‌ಗೆ ಹೋಗಿ, ಎಲ್ಲಿಗೇ ಹೋಗಿ, ಒಳಗಿನ 9 ವಿಂಡೋಸ್ ವಿಎಂಗಳಿಗೆ ಮೈಕ್ರೋಸಾಫ್ಟ್ ಲೈಸೆನ್ಸ್ ಬೇಕೇ ಬೇಕು, ಅದೂ ಸಾಮಾನ್ಯವಾಗಿ ಕೆಳಗಿನ ಕಬ್ಬಿಣದ ಕೋರ್ ಎಣಿಸಿ. ಆ ಲೈಸೆನ್ಸ್ ಇದ್ದರೆ ಹೈಪರ್-ವಿಗೆ ಬೇರೆ ದುಡ್ಡಿಲ್ಲ. ವೆಂಡರ್ ಹೇಳಬೇಕಾಗಿದ್ದದ್ದು ಇದು.

ಲೆಕ್ಕ ಹೀಗಿದೆ, ಪೆನ್ನು ಹಿಡಿದು ಕೂತುಕೊಳ್ಳಿ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್: ಸರ್ವರ್‌ನ ಎಲ್ಲ ಕೋರ್‌ಗಳಿಗೂ ಒಮ್ಮೆ ಲೈಸೆನ್ಸ್ ಹಾಕಿದರೆ ಎರಡು ವಿಂಡೋಸ್ ವಿಎಂ ಓಡಿಸಬಹುದು. ಇನ್ನೆರಡು ಬೇಕಾದರೆ ಎಲ್ಲ ಕೋರ್‌ಗಳಿಗೂ ಮತ್ತೊಮ್ಮೆ. ಡೇಟಾಸೆಂಟರ್ ಆವೃತ್ತಿಯಾದರೆ ಒಮ್ಮೆ ಹಾಕಿದರೆ ಸಾಕು, ಎಷ್ಟು ಬೇಕಾದರೂ ವಿಎಂ. ನಿಮ್ಮ ಒಂದು ಹೋಸ್ಟ್‌ನಲ್ಲಿ 20 ಕೋರ್. 9 ವಿಎಂಗೆ ಐದು ಸುತ್ತು, ಅಂದರೆ 100 ಕೋರ್ ಲೈಸೆನ್ಸ್. ಒಂದೇ ಹೋಸ್ಟ್‌ಗೆ ಹಾಕಿದರೆ ಮುಗಿಯಿತೇ? ಇಲ್ಲ. ಲೈಸೆನ್ಸ್ ಅಂಟಿಕೊಳ್ಳುವುದು ಭೌತಿಕ ಸರ್ವರ್‌ಗೆ. ಸಾಫ್ಟ್‌ವೇರ್ ಅಶ್ಯೂರೆನ್ಸ್ (ಮೈಕ್ರೋಸಾಫ್ಟ್‌ಗೆ ಬೇರೆ ದುಡ್ಡು ಕಟ್ಟಿ ಪಡೆಯುವ ಹೆಚ್ಚುವರಿ ಸೌಲಭ್ಯ) ಇಲ್ಲದಿದ್ದರೆ ಅದನ್ನು 90 ದಿನಕ್ಕೊಮ್ಮೆ ಮಾತ್ರ ಬೇರೆ ಸರ್ವರ್‌ಗೆ ವರ್ಗಾಯಿಸಬಹುದು. ರಾತ್ರಿ ಒಂದು ಹೋಸ್ಟ್ ಬಿದ್ದು ವಿಎಂಗಳೆಲ್ಲ ಪಕ್ಕದ ಹೋಸ್ಟ್‌ಗೆ ಹಾರುವಂತೆ ಮಾಡಿಟ್ಟಿದ್ದರೆ, ಆ ಪಕ್ಕದ ಹೋಸ್ಟ್‌ಗೂ 9 ವಿಎಂ ಹೊರುವಷ್ಟು ಲೈಸೆನ್ಸ್ ಮೊದಲೇ ಇರಬೇಕು. ಯಾವ ವಿಎಂ ಎಲ್ಲಿಗೆ ಬೇಕಾದರೂ ಹಾರಬಹುದು ಎಂದಾದರೆ ಮೂರೂ ಹೋಸ್ಟ್‌ಗೆ ಸೇರಿ 300 ಕೋರ್. 2025ರ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಪಟ್ಟಿ ಬೆಲೆ 16 ಕೋರ್‌ಗೆ ಸ್ಟ್ಯಾಂಡರ್ಡ್ 1,176 ಡಾಲರ್, ಡೇಟಾಸೆಂಟರ್ 6,771 ಡಾಲರ್. ಹಾಗಾಗಿ ಒಂದು ಹೋಸ್ಟ್‌ನಲ್ಲಿ 10 ವಿಎಂವರೆಗೆ ಸ್ಟ್ಯಾಂಡರ್ಡ್ ಅಗ್ಗ. 11ನೆಯದು ಬಂದ ಕ್ಷಣ ಆರನೇ ಸುತ್ತು ಶುರುವಾಗಿ ಡೇಟಾಸೆಂಟರ್ ಅಗ್ಗವಾಗುತ್ತದೆ. 300 ಕೋರ್ ಸ್ಟ್ಯಾಂಡರ್ಡ್ ಅಂದರೆ ಪಟ್ಟಿ ಬೆಲೆಯಲ್ಲಿ 22,050 ಡಾಲರ್. ಬಳಸುವವರ ಲೆಕ್ಕದಲ್ಲಿ ಬೇರೆಯಾಗಿ ಬೇಕಾದ ಸಿಎಎಲ್ ಲೈಸೆನ್ಸ್ ಇದರಲ್ಲಿ ಸೇರಿಲ್ಲ.

ಗಾಬರಿ ಆಗಬೇಡಿ. ನಾನು ನಿಮ್ಮ ಜಾಗದಲ್ಲಿದ್ದರೆ ಹೈಪರ್‌ವೈಸರ್ ಮುಟ್ಟುವ ಮೊದಲು ಎರಡು ಕೆಲಸ ಮಾಡುತ್ತಿದ್ದೆ. ಒಂದು, ಆ 9 ವಿಂಡೋಸ್ ಯಂತ್ರಗಳಲ್ಲಿ ಯಾವ್ಯಾವುದು ನಿಜಕ್ಕೂ ಬೇಕು ಎಂದು ನೋಡುವುದು. ಹಳೆಯ ಆಂಟಿವೈರಸ್ ಸರ್ವರ್, ಯಾರೋ ಟ್ರಯಲ್‌ಗೆ ಎಬ್ಬಿಸಿದ್ದು, ಬರೀ ಫೈಲ್ ಶೇರ್‌ಗೆ ಇರುವುದು, ಹೀಗೆ ಎರಡು ಮೂರು ಸಿಕ್ಕೇ ಸಿಗುತ್ತವೆ. 6ಕ್ಕೆ ಇಳಿಸಲು ನೋಡಿ. ಎರಡು, ಮೂರನೇ ಹೋಸ್ಟನ್ನು ಕ್ಲಸ್ಟರ್‌ನಿಂದ (ಒಟ್ಟಾಗಿ ಕೆಲಸ ಮಾಡುವ ಹೋಸ್ಟ್‌ಗಳ ಗುಂಪಿನಿಂದ) ಹೊರಗೆ ತೆಗೆಯುವುದು. 14 ವಿಎಂಗೆ 40 ಕೋರ್ ಧಾರಾಳ. ಸಿಪಿಯು ಗ್ರಾಫ್ ತೆಗೆದು ನೋಡಿ, ಬಹುಶಃ ತಿಂಗಳ ಕೊನೆಯ ಬಡ್ಡಿ ಲೆಕ್ಕದ ದಿನ ಬಿಟ್ಟರೆ ಅವು ನಿದ್ದೆ ಮಾಡುತ್ತಿರುತ್ತವೆ. ಇರುವ ಮೆಮೊರಿ ಎರಡು ಹೋಸ್ಟ್‌ಗೆ ಸಾಕಾಗದಿದ್ದರೆ ಮೂರನೆಯದರ ಕಡ್ಡಿಗಳನ್ನು ಕಿತ್ತು ಹಾಕಿ. ಈಗ ಲೆಕ್ಕ ಮತ್ತೆ ಮಾಡಿ: 6 ವಿಎಂ, ಮೂರು ಸುತ್ತು, 20 ಕೋರ್, ಎರಡು ಹೋಸ್ಟ್. 120 ಕೋರ್, 8,820 ಡಾಲರ್. ಯಾವ ಹೈಪರ್‌ವೈಸರ್ ಎಂದು ಇನ್ನೂ ತೀರ್ಮಾನವೇ ಆಗಿಲ್ಲ, ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಹಳೆಯ ಬಿಲ್ ಹುಡುಕಿದರೆ ಇದರಲ್ಲಿ ಒಂದಷ್ಟು ನಿಮ್ಮಲ್ಲೇ ಇರಬಹುದು: 2019ರಲ್ಲಿ ಸರ್ವರ್ ಜೊತೆ ಕೊಂಡ ವಿಂಡೋಸ್ ಸರ್ವರ್ 2019 ಲೈಸೆನ್ಸ್‌ಗಳಿದ್ದರೆ ಆ ಆವೃತ್ತಿಗೆ 2029ರ ಜನವರಿ 9ರವರೆಗೆ ಸೆಕ್ಯುರಿಟಿ ಪ್ಯಾಚ್ ಬರುತ್ತದೆ. ಬೆಣ್ಣೆ ಮನೆಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಬೇಡ.

ಆ ಮೂರನೇ ಹೋಸ್ಟ್ ವ್ಯರ್ಥವಾಗುವುದಿಲ್ಲ. ಅದೇ ನಿಮ್ಮ ಬ್ಯಾಕಪ್ ಸರ್ವರ್. ಅದನ್ನು ಹೆಡ್ ಆಫೀಸಿನಿಂದ ಎತ್ತಿ, ಒಳ್ಳೆಯ ಫೈಬರ್ ಸಂಪರ್ಕವಿರುವ ಯಾವುದಾದರೂ ಶಾಖೆಯಲ್ಲಿ ಇಡಿ. ಡೊಮೇನ್‌ಗೆ ಸೇರಿಸಬೇಡಿ. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: 2025ರ ಮಾರ್ಚ್‌ನಲ್ಲಿ ವೀಮ್ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಬಯಲಾದ ಒಂದು ಗಂಭೀರ ದೋಷ ಡೊಮೇನ್‌ಗೆ ಸೇರಿಸಿದ್ದ ಬ್ಯಾಕಪ್ ಸರ್ವರ್‌ಗಳನ್ನಷ್ಟೇ ಬಾಧಿಸುತ್ತಿತ್ತು. ಡೊಮೇನ್ ಪಾಸ್‌ವರ್ಡ್ ಕದ್ದವನಿಗೆ ಬ್ಯಾಕಪ್ ಬೀರುವಿನ ಕೀಲಿಯೂ ಅದೇ ಗೊಂಚಲಲ್ಲಿ ಸಿಗಬಾರದು.

ನಿಮ್ಮ ಪ್ರಾಕ್ಸ್‌ಮಾಕ್ಸ್ ಆಸೆಗೆ ನನ್ನ ಸಹಮತವಿದೆ, ಷರತ್ತುಗಳೊಂದಿಗೆ. ವಿಯೆನ್ನಾದ ಒಂದು ಕಂಪನಿ 2008ರಿಂದ ತರುತ್ತಿರುವ ಇದು ಡೆಬಿಯನ್ ಲಿನಕ್ಸ್ ಮೇಲೆ ನಿಂತಿದೆ. ವಿಎಂ ಓಡಿಸುವ ಕೆವಿಎಂ 2007ರಿಂದಲೇ ಲಿನಕ್ಸ್ ಕರ್ನಲ್‌ನ ಭಾಗ. ಲೈಸೆನ್ಸ್ ಎಜಿಪಿಎಲ್, ಅಂದರೆ ಬಳಸಲು ಯಾರ ಅಪ್ಪಣೆಯೂ ಬೇಡ. ಸಬ್‌ಸ್ಕ್ರಿಪ್ಷನ್ ಇದೆ, ಅದನ್ನು ಎಣಿಸುವುದು ಸಾಕೆಟ್ (ಪ್ರೊಸೆಸರ್) ಲೆಕ್ಕದಲ್ಲಿ, ಕೋರ್ ಲೆಕ್ಕದಲ್ಲಲ್ಲ. ದುಡ್ಡು ಕೊಟ್ಟರೆ ಹೆಚ್ಚು ಪರೀಕ್ಷೆಯಾದ ಎಂಟರ್‌ಪ್ರೈಸ್ ರೆಪೊಸಿಟರಿ (ಅಪ್‌ಡೇಟ್‌ಗಳ ಭಂಡಾರ) ಸಿಗುತ್ತದೆ. ಕೊಡದಿದ್ದರೂ ಪ್ಯಾಚ್ ಸಿಗುತ್ತದೆ, ಸ್ವಲ್ಪ ಹಸಿಯಾಗಿ. ನಾಲ್ಕು ಸಾಕೆಟ್‌ಗೆ ದಯವಿಟ್ಟು ಕೊಳ್ಳಿ. ಮನೆಯ ಪಿಸಿಯಲ್ಲಿ ಪ್ರತಿ ಸಲ ಲಾಗಿನ್ ಆದಾಗ ‘ಸಬ್‌ಸ್ಕ್ರಿಪ್ಷನ್ ಇಲ್ಲ’ ಎಂಬ ಕಿಟಕಿ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಅದನ್ನು ತೆಗೆಯಲು ಇಂಟರ್ನೆಟ್‌ನಲ್ಲಿ ಸಿಕ್ಕ ಸ್ಕ್ರಿಪ್ಟನ್ನು ನೇರವಾಗಿ ರೂಟ್ ಆಗಿ (ಪೂರ್ಣ ಅಧಿಕಾರದೊಂದಿಗೆ) ಓಡಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಒಂದು ಕ್ಲಿಕ್ ಉಳಿಸಲು ಇಡೀ ಹೋಸ್ಟನ್ನು ಅಪರಿಚಿತನಿಗೆ ಒಪ್ಪಿಸುವ ಧೈರ್ಯ!

ಷರತ್ತುಗಳು ಏನೆಂದರೆ, ಮೊದಲನೆಯದಾಗಿ ನಿಮ್ಮ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಕೊಟ್ಟವರಿಂದ ‘ಕೆವಿಎಂ ಮೇಲೆ ಓಡಿಸಿದರೂ ಬೆಂಬಲ ಕೊಡುತ್ತೇವೆ’ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ. ಒರಾಕಲ್ ಡೇಟಾಬೇಸ್ ಎಲ್ಲಾದರೂ ಇದ್ದರೆ ಈ ಮಾತುಕತೆ ಇನ್ನೂ ಮುಖ್ಯ. ವಿಎಂವೇರ್ ಇರಲಿ, ಮಾಮೂಲಿ ಕೆವಿಎಂ ಇರಲಿ, ವಿಎಂಗೆ ನಾಲ್ಕೇ ಕೋರ್ ಕೊಟ್ಟಿದ್ದೇನೆ ಎಂಬುದನ್ನು ಒರಾಕಲ್ ಒಪ್ಪುವುದಿಲ್ಲ, ಕೆಳಗಿನ ಭೌತಿಕ ಕೋರ್‌ಗಳನ್ನೇ ಎಣಿಸುತ್ತದೆ. ಎರಡನೆಯದು ನಿಮ್ಮ ಐಸ್ಕಸಿ ಸ್ಟೋರೇಜ್. ವಿಎಂವೇರ್‌ನಲ್ಲಿ ಅದರದೇ ಡಿಸ್ಕ್ ವ್ಯವಸ್ಥೆಯಾದ ವಿಎಂಎಫ್‌ಎಸ್ ಮೇಲೆ ಹಾಯಾಗಿ ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿ) ತೆಗೆಯುತ್ತಿದ್ದಿರಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಹಂಚಿಕೊಂಡ ಎಲ್‌ವಿಎಂ (ಲಿನಕ್ಸ್‌ನ ಡಿಸ್ಕ್ ವ್ಯವಸ್ಥೆ) ಮೇಲೆ ಅದು ಬರುತ್ತಲೇ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ 9ನೇ ಆವೃತ್ತಿಯಲ್ಲಿ ಅದನ್ನು ಪ್ರಾಯೋಗಿಕ ಸೌಲಭ್ಯವಾಗಿ ಸೇರಿಸಿದರು. ಪ್ರಾಯೋಗಿಕ ಎಂದು ತಯಾರಿಸಿದವರೇ ಹೇಳಿದ್ದನ್ನು ಠೇವಣಿದಾರರ ಲೆಕ್ಕದ ಮೇಲೆ ಪ್ರಯೋಗ ಮಾಡಬೇಡಿ, ಬ್ಯಾಕಪ್ ಮೇಲೆಯೇ ನಂಬಿಕೆ ಇಡಿ. ಮೂರನೆಯದು, ಎರಡೇ ಹೋಸ್ಟ್ ಆದರೆ ಕ್ಲಸ್ಟರ್‌ಗೆ ಬಹುಮತ ಬರುವುದಿಲ್ಲ. ಒಂದು ಬಿದ್ದರೆ ಇನ್ನೊಂದಕ್ಕೆ ತಾನೇ ಬದುಕಿದ್ದೇನೆ ಎಂಬ ಖಾತ್ರಿ ಸಿಗದೆ ಸುಮ್ಮನೆ ಕೂತುಬಿಡುತ್ತದೆ. ಮೂರನೇ ಮತಕ್ಕೆ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಕ್ಯೂಡಿವೈಸ್ ಓಡಿಸಿ. ಹೈಪರ್-ವಿಗೆ ಹೋದರೂ ಇದೇ ಕಥೆ, ಅಲ್ಲಿ ಅದನ್ನು ವಿಟ್‌ನೆಸ್ ಅನ್ನುತ್ತಾರೆ.

ಪ್ರಾಕ್ಸ್‌ಮಾಕ್ಸ್ ಕಡೆ ನನ್ನ ಮನಸ್ಸು ವಾಲಲು ದೊಡ್ಡ ಕಾರಣ ಅದರ ಬ್ಯಾಕಪ್ ಸರ್ವರ್. ಅದರಲ್ಲಿ ಹೋಸ್ಟ್‌ಗೆ ‘ಡೇಟಾಸ್ಟೋರ್ ಬ್ಯಾಕಪ್’ ಎಂಬ ಪಾತ್ರವನ್ನಷ್ಟೇ ಕೊಡಬಹುದು: ಬ್ಯಾಕಪ್ ಹಾಕಬಹುದು, ತನ್ನದನ್ನು ಮರಳಿ ಪಡೆಯಬಹುದು, ಹಳೆಯದನ್ನು ಅಳಿಸಲಾಗದು. ಅಳಿಸುವ ಅಧಿಕಾರ ಬ್ಯಾಕಪ್ ಸರ್ವರ್‌ನ ಒಳಗೇ ಉಳಿಯುತ್ತದೆ. ಹೋಸ್ಟ್ ಪೂರ್ತಿ ಕಳ್ಳರ ಕೈಗೆ ಹೋದರೂ ನಿನ್ನೆಯ ಪ್ರತಿ ಅವರ ಕೈಗೆ ಹೋಗುವುದಿಲ್ಲ. ಆ ಭಾನುವಾರದ ಕಚೇರಿಯಲ್ಲಿ ಇಲ್ಲದಿದ್ದದ್ದು ಇದೇ.

ಸಾಗಿಸುವ ಕೆಲಸ ಅಂದುಕೊಂಡಷ್ಟು ಕಷ್ಟವಿಲ್ಲ. 2024ರಿಂದ ಪ್ರಾಕ್ಸ್‌ಮಾಕ್ಸ್ ಒಳಗೇ ಇಎಸ್‌ಎಕ್ಸ್‌ಐನಿಂದ ಎಳೆದುಕೊಳ್ಳುವ ವಿಝಾರ್ಡ್ ಇದೆ. ಲಿನಕ್ಸ್ ವಿಎಂಗಳು ಸದ್ದಿಲ್ಲದೆ ಬರುತ್ತವೆ. ವಿಂಡೋಸ್‌ನಲ್ಲಿ ಮೂರು ಕಡೆ ಎಡವುತ್ತೀರಿ. ವಿಎಂವೇರ್ ಟೂಲ್ಸನ್ನು ಹೊರಡುವ ಮುಂಚೆಯೇ ತೆಗೆಯಿರಿ. ಹೊಸ ಜಾಗಕ್ಕೆ ಬಂದ ಮೇಲೆ ಅದರ ಅನ್‌ಇನ್‌ಸ್ಟಾಲರ್ ‘ಇದು ವಿಎಂವೇರ್ ಅಲ್ಲ’ ಎಂದು ಹಟ ಹಿಡಿಯುತ್ತದೆ. ಮೊದಲ ಸಲ ಡಿಸ್ಕನ್ನು ಸಾಟಾ ಎಂದು ಬೂಟ್ ಮಾಡಿ, ಜೊತೆಗೆ ಒಂದು ಜಿಬಿಯ ಸುಳ್ಳು ವರ್ಟಿಯೋ (ಕೆವಿಎಂನಲ್ಲಿ ಬಳಸುವ ಡಿಸ್ಕ್ ಸಂಪರ್ಕ) ಡಿಸ್ಕ್ ಜೋಡಿಸಿ, ಡ್ರೈವರ್ ಹಾಕಿ, ಆಮೇಲೆ ನಿಜವಾದ ಡಿಸ್ಕನ್ನು ವರ್ಟಿಯೋಗೆ ಬದಲಿಸಿ. ಈ ಹೆಜ್ಜೆ ಹಾರಿಸಿದರೆ ನೀಲಿ ಪರದೆ. ನೆಟ್‌ವರ್ಕ್ ಕಾರ್ಡ್ ಬದಲಾಗುವುದರಿಂದ ಕೊಟ್ಟಿದ್ದ ಐಪಿ ಹಳೆಯ, ಕಣ್ಣಿಗೆ ಕಾಣದ ಕಾರ್ಡ್‌ಗೆ ಅಂಟಿಕೊಂಡಿರುತ್ತದೆ. ಐಪಿ, ಡಿಎನ್‌ಎಸ್ ಎಲ್ಲ ಮೊದಲೇ ಬರೆದಿಟ್ಟುಕೊಳ್ಳಿ. ಡೊಮೇನ್ ನಡೆಸುವ ಸರ್ವರನ್ನು, ಅಂದರೆ ಡೊಮೇನ್ ಕಂಟ್ರೋಲರನ್ನು, ಹೀಗೆ ಎತ್ತಿ ತರಬೇಡಿ, ಹೊಸದೊಂದನ್ನು ಎಬ್ಬಿಸಿ ಹಳೆಯದನ್ನು ಗೌರವದಿಂದ ನಿವೃತ್ತಿ ಮಾಡಿ.

ಹಾಗಾದರೆ ಹೈಪರ್-ವಿ ಬೇಡವೇ? ನಿಮ್ಮ ಐಟಿ ವಿಭಾಗದಲ್ಲಿ ಲಿನಕ್ಸ್ ಕಮಾಂಡ್ ಬರುವವರು ನೀವೊಬ್ಬರೇ ಆಗಿದ್ದು, ನಾಳೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟುಬಿಡುವ ಸಾಧ್ಯತೆ ಇದ್ದರೆ, ಹೈಪರ್-ವಿಯೇ ಸರಿ. ಇದನ್ನು ನಿಮ್ಮ ಮುಖಕ್ಕೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ರಾತ್ರಿ ಎರಡಕ್ಕೆ ಎದ್ದು ಸರಿ ಮಾಡಬಲ್ಲವರು ಇಬ್ಬರಿಲ್ಲದ ವ್ಯವಸ್ಥೆಯನ್ನು, ಅದು ಎಷ್ಟೇ ಚೆನ್ನಾಗಿರಲಿ, ನಾನು ಸಂಘಕ್ಕೆ ಶಿಫಾರಸು ಮಾಡುವುದಿಲ್ಲ. ಹೈಪರ್-ವಿಗೆ ಹೋದರೆ ಹೋಸ್ಟ್‌ಗಳನ್ನು ಶಾಖೆಗಳ ಪಿಸಿಗಳಿರುವ ಡೊಮೇನ್‌ಗೆ ಸೇರಿಸಬೇಡಿ. ಡೊಮೇನ್ ಇಲ್ಲದೆಯೂ ಸರ್ಟಿಫಿಕೇಟ್ ಮೂಲಕ ಕ್ಲಸ್ಟರ್ ಕಟ್ಟಿ ವಿಎಂಗಳನ್ನು ಓಡುತ್ತಿರುವಾಗಲೇ ಸ್ಥಳಾಂತರಿಸುವ ಸೌಲಭ್ಯ ವಿಂಡೋಸ್ ಸರ್ವರ್ 2025ರಲ್ಲಿ ಬಂದಿದೆ. ಪ್ರತಿ ತಿಂಗಳ ಪ್ಯಾಚ್‌ಗೆ ಹೋಸ್ಟ್ ರೀಬೂಟ್ ಆಗುತ್ತದೆ, ಅದಕ್ಕೊಂದು ರಾತ್ರಿ ಗೊತ್ತು ಮಾಡಿಕೊಳ್ಳಿ.

ಎಂಡಿ ಸಾಹೇಬರ ಮುಂದೆ ಹೋಗುವಾಗ ಬ್ರ್ಯಾಂಡ್‌ಗಳ ಜಗಳ ತೆಗೆದುಕೊಂಡು ಹೋಗಬೇಡಿ. 2024ರ ಜುಲೈ 31 ಅವರಿಗೂ ನೆನಪಿರುತ್ತದೆ. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆ ರ್‍ಯಾನ್ಸಮ್‌ವೇರ್ ದಾಳಿಗೆ ಸಿಕ್ಕಿರಬಹುದೆಂದು ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ತನ್ನ ಪಾವತಿ ಜಾಲದಿಂದ ಪ್ರತ್ಯೇಕಿಸಿತು, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಅಂಥ ದಿನ ನಿಮ್ಮಲ್ಲಿ ಬಂದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕು, 180 ದಿನಗಳ ಲಾಗ್ (ಯಂತ್ರ ಬರೆದಿಡುವ ದಿನಚರಿ) ತೋರಿಸಬೇಕು. ಇಎಸ್‌ಎಕ್ಸ್‌ಐ ಲಾಗ್‌ಗಳನ್ನು ಈಗ ಎಲ್ಲಿ ಇಡುತ್ತಿದ್ದೀರಿ? ಹೋಸ್ಟ್ ಒಳಗೇ ಬಿಟ್ಟಿದ್ದರೆ ಕೆಲವೇ ದಿನಗಳಲ್ಲಿ ಮೇಲೆ ಮೇಲೆ ಬರೆದು ಅಳಿಸಿಹೋಗುತ್ತವೆ. ಲಾಗ್ ಬೇರೆಡೆ ಕಳಿಸುವ ಸಿಸ್‌ಲಾಗನ್ನು ಆ ಮೂರನೇ ಯಂತ್ರಕ್ಕೆ ತಿರುಗಿಸಿ, ಖರ್ಚಿಲ್ಲ.

ಉಳಿದದ್ದು 2012 ಆರ್2. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ, ಯಾವ ಹೈಪರ್‌ವೈಸರ್ ಕೆಳಗೆ ಹಾಕಿದರೂ ಅದು ತೂತಾದ ಕೊಡವೇ. ಅದರಲ್ಲಿರುವ ಹಳೆಯ ಲೆಕ್ಕದ ಸಾಫ್ಟ್‌ವೇರ್ ಬಿಡಲಾಗುತ್ತಿಲ್ಲ ಎಂದು ನೀವು ಬರೆಯದಿದ್ದರೂ ಊಹಿಸಬಲ್ಲೆ. ಬೇರೆ ವಿಲ್ಯಾನ್‌ಗೆ ಹಾಕಿ, ಇಂಟರ್ನೆಟ್ ಕಡಿಯಿರಿ, ನೋಡಬೇಕಾದ ಇಬ್ಬರ ಪಿಸಿಗೆ ಮಾತ್ರ ದಾರಿ ಬಿಡಿ, ಶಾಖೆಗಳಿಂದ ಅದಕ್ಕೆ ಹೋಗುವ ಶೇರ್‌ಗಳನ್ನೆಲ್ಲ ಮುಚ್ಚಿ. ಮೊದಲ ದಿನ ಎರಡು ಶಾಖೆಯಿಂದ ಫೋನ್ ಬರುತ್ತದೆ. ಯಾವ ಎರಡು ಎಂದು ಬರೆದಿಟ್ಟುಕೊಳ್ಳಿ. ಆ ಸಾಫ್ಟ್‌ವೇರನ್ನು ಯಾರು ಇನ್ನೂ ಬಳಸುತ್ತಿದ್ದಾರೆ ಎಂಬುದು ನಿಮಗೆ ಆಗ ಗೊತ್ತಾಗುತ್ತದೆ.